ಚಿತ್ರದ ಹಿಂಬದಿ

ಹಳೆಯ ವಸ್ತುಗಳ ಸಂಗ್ರಹಣೆ ನಿರಪಾಯಕಾರಿ ಹವ್ಯಾಸವೆಂದೇ ನಾವು ಭಾವಿಸುತ್ತೇವೆ. ಆದರೆ ಸಂಗ್ರಾಹಕನಿಗೂ ಒಂದು ಧರ್ಮವುಂಟೆಂಬುದನ್ನು ಅಮೆರಿಕದ ಬೇಸ್‌ಬಾಲ್ ಆಟಗಾರರ 'ಕ್ಯಾಬಿನೆಟ್ ಕಾರ್ಡ್'ಗಳ ಕಥೆ ಮನಗಾಣಿಸುತ್ತದೆ.

19ನೆಯ ಶತಮಾನದ ಕೊನೆಯ ದಶಕಗಳಲ್ಲಿ, ಸುಮಾರು 6½ ಅಂಗುಲ ಎತ್ತರದ ರಟ್ಟಿಗೆ ಛಾಯಾಚಿತ್ರವನ್ನು ಅಂಟಿಸಿ ಮನೆಯ ಕಪಾಟಿನ ಮೇಲಿಡುತ್ತಿದ್ದರು. ಅಂದಿನ ಕ್ಯಾಮೆರಾ ಓಡುವ ಆಟಗಾರನನ್ನು ಸ್ಪಷ್ಟವಾಗಿ ಸೆರೆಹಿಡಿಯುವುದು ಕಷ್ಟವಾಗಿತ್ತು. ಆದುದರಿಂದ ಸ್ಟುಡಿಯೋದಲ್ಲಿ ಚೆಂಡನ್ನು ದಾರದಿಂದ ತೂಗುಹಾಕಿ, ಅದನ್ನು ಹಿಡಿಯುವಂತೆ ಆತನನ್ನು ನಿಲ್ಲಿಸುತ್ತಿದ್ದರು. ಕೆಲವು ಚಿತ್ರಗಳಲ್ಲಿ ಆ ದಾರ ಇಂದಿಗೂ ಕಾಣುತ್ತದೆ.

ಆಟಗಾರರೂ ಕ್ರೀಡಾಸಾಮಗ್ರಿಗಳ ವ್ಯಾಪಾರಿಯೂ ಆಗಿದ್ದ ಆಲ್ಬರ್ಟ್ ಸ್ಪಾಲ್ಡಿಂಗ್ ಅವರ ಸಂಗ್ರಹವನ್ನು ಅವರ ಪತ್ನಿ 1921ರಲ್ಲಿ ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯಕ್ಕೆ ದಾನವಿತ್ತರು. 1970ರ ದಶಕದಲ್ಲಿ ಅಲ್ಲಿಂದ ಅನೇಕ ಚಿತ್ರಗಳೂ ಪತ್ರಗಳೂ ಕಳುವಾದವು.

ಇಂತಹ ಒಂದು ಕಾರ್ಡು ಮಾರಾಟಕ್ಕೆ ಬಂದಿದೆ ಎನ್ನೋಣ. ಅದರ ಹಿಂಬದಿಯಲ್ಲಿ ಗ್ರಂಥಾಲಯದ ಮುದ್ರೆಯನ್ನು ಕೆರೆದು ತೆಗೆದ ಗುರುತಿದೆ. ಕೊಳ್ಳುವವನು ಕದ್ದವನಲ್ಲ, ಪೂರ್ತಿ ಬೆಲೆಯನ್ನು ತೆರಲು ಸಿದ್ಧನಿದ್ದಾನೆ. "ನಾನಲ್ಲದಿದ್ದರೆ ಮತ್ತೊಬ್ಬ ಕೊಳ್ಳುತ್ತಾನೆ, ನನ್ನಲ್ಲಾದರೆ ಭದ್ರವಾಗಿರುತ್ತದೆ" ಎಂದು ಮನಸ್ಸು ಸಮಾಧಾನ ಹೇಳುತ್ತದೆ. ಆದರೆ ಎಲ್ಲರಿಗೆಂದು ದಾನವಾದದ್ದು, ಒಬ್ಬನು ಪ್ರೀತಿಸಿದ ಮಾತ್ರಕ್ಕೆ ಅವನದಾಗದು. ಗುರುತನ್ನು ಕಂಡೂ ವಿಚಾರಿಸದವನು ಕಳ್ಳನ ಕೆಲಸವನ್ನು ತಾನು ಪೂರ್ಣಗೊಳಿಸುತ್ತಾನೆ.

ತಿಳಿಯದೆ ಕೊಂಡಿದ್ದರೂ, ಸತ್ಯ ತಿಳಿದ ದಿನ ಹಿಂದಿರುಗಿಸಬೇಕು. ಹಣ ನಷ್ಟವಾಗಬಹುದು, ನೋವೂ ಆಗಬಹುದು. ಅದನ್ನು ಸಹಿಸಬಲ್ಲವನೇ ಆ ಚಿತ್ರವನ್ನು ನಿಜವಾಗಿ ಪ್ರೀತಿಸಿದವನು.