ಕ್ಷಮೆ ಕೇಳಿದರೆ ಲೆಕ್ಕ ಚುಕ್ತಾ ಆಗುವುದೇ?

ಯಾವ ತೊಂದರೆಯನ್ನೂ ಕಾಣದ ಗ್ರಾಹಕನಿಗಿಂತ, ತೊಂದರೆಗೊಳಗಾಗಿ ಅದಕ್ಕೆ ಸರಿಯಾದ ಪರಿಹಾರ ಪಡೆದ ಗ್ರಾಹಕನೇ ಕೆಲವೊಮ್ಮೆ ಕಂಪೆನಿಗೆ ಹೆಚ್ಚು ನಿಷ್ಠನಾಗಿರುತ್ತಾನಂತೆ. 1990ರ ದಶಕದಿಂದ ವಾಣಿಜ್ಯ ಶಾಸ್ತ್ರದವರು ಹೀಗೊಂದು ವಾದವನ್ನು ಚರ್ಚಿಸುತ್ತಾ ಬಂದಿದ್ದಾರೆ. ಎಲ್ಲರೂ ಇದನ್ನು ಒಪ್ಪಿಲ್ಲ. ಆದರೂ ಮಾತಿನಲ್ಲಿ ಹುರುಳಿದೆ. ಕೆಟ್ಟ ಸಾಮಾನನ್ನು ಮರುಮಾತಿಲ್ಲದೆ ಬದಲಾಯಿಸಿ ಕೊಟ್ಟ ಅಂಗಡಿಯನ್ನು ನಾವು ವರ್ಷಗಟ್ಟಲೆ ಬಿಡುವುದಿಲ್ಲ.

ನಮ್ಮ ಪ್ರಶ್ನೆ ಬೇರೆ. ತಪ್ಪನ್ನು ಸರಿಪಡಿಸುವುದು ಕಂಪೆನಿಯ ಪಾಲಿಗೆ ಲಾಭ ತರುವ ಹೂಡಿಕೆಯೋ, ಗ್ರಾಹಕನಿಗೆ ತೀರಿಸಬೇಕಾದ ಸಾಲವೋ? ಹೂಡಿಕೆಯಾದರೆ ಎಲ್ಲಿ ಪ್ರತಿಫಲ ಹೆಚ್ಚೋ ಅಲ್ಲಿಗೇ ಹರಿಯುತ್ತದೆ. ಸಾವಿರಾರು ಮಂದಿ ಓದುವಂತೆ ದೂರು ಬರೆಯಬಲ್ಲವನಿಗೆ ಗಂಟೆಯೊಳಗೆ ಉತ್ತರ ಸಿಗುತ್ತದೆ. ಹತ್ತು ರೂಪಾಯಿಯ ರೀಚಾರ್ಜ್ ಕಳೆದುಕೊಂಡ ಕೂಲಿಯವನು ಒಂದು ಒತ್ತಿ, ಎರಡು ಒತ್ತಿ, ಸಂಗೀತ ಕೇಳಿ ಸುಮ್ಮನಾಗುತ್ತಾನೆ. ಸಾಲಕ್ಕೆ ಈ ಭೇದವಿಲ್ಲ.

2003ರ ಅಕ್ಟೋಬರ್‌ನಲ್ಲಿ ಮಹಾರಾಷ್ಟ್ರದಲ್ಲಿ ಕ್ಯಾಡ್‌ಬರಿ ಚಾಕೊಲೇಟಿನಲ್ಲಿ ಹುಳುಗಳು ಕಂಡವು. ಅಂಗಡಿಗಳಲ್ಲಿ ಸರಿಯಾಗಿ ದಾಸ್ತಾನು ಇಡದಿರುವುದೇ ಕಾರಣ ಎಂಬುದು ಕಂಪೆನಿಯ ಮೊದಲ ಉತ್ತರ. ಹಾಗಾದರೆ ಪೊಟ್ಟಣ ಏಕೆ ಭದ್ರವಾಗಿರಲಿಲ್ಲ ಎಂಬ ಪ್ರಶ್ನೆ ಎದ್ದಿತು. ಮಾರಾಟ ಕುಸಿಯಿತು. 2004ರ ಆರಂಭದಲ್ಲಿ ಪೊಟ್ಟಣವೇ ಬದಲಾಯಿತು. ಜಾಹೀರಾತಿಗೆ ಅಮಿತಾಭ್ ಬಚ್ಚನ್ ಬಂದರು. ಜನರೂ ಮರಳಿದರು. ಬಚ್ಚನ್ ಮಾತಿಗಿಂತ ಆ ಹೊಸ ಪೊಟ್ಟಣಕ್ಕೇ ನಾವು ಹೆಚ್ಚು ಬೆಲೆ ಕೊಡುತ್ತೇವೆ. ತಪ್ಪು ಯಾರದೆಂಬ ತಕರಾರು ಮುಗಿಯುವುದಕ್ಕೆ ಕಾಯದೆ, ತನ್ನ ಕೈಲಾದುದನ್ನು ಕಂಪೆನಿ ಮಾಡಿದ್ದು ಅಲ್ಲಿ ಮಾತ್ರ. ಮೊದಲ ಉತ್ತರದಲ್ಲಿ ಭಾರವೆಲ್ಲ ಬಿದ್ದದ್ದು ಸರಪಳಿಯ ಅತ್ಯಂತ ಸಣ್ಣ ಕೊಂಡಿಯಾದ ಅಂಗಡಿಯವನ ಮೇಲೆ.

ಪ್ರವಾದಿ ಮುಹಮ್ಮದ್(ಸ)ರು ಮದೀನಾದ ಸಂತೆಯಲ್ಲಿ ಧಾನ್ಯದ ರಾಶಿಯೊಳಗೆ ಕೈ ಹಾಕಿದಾಗ ಬೆರಳು ಒದ್ದೆಯಾದ ಪ್ರಸಂಗ ಹದೀಸ್‌ಗಳಲ್ಲಿದೆ. ಮಳೆ ಬಂದಿತ್ತೆಂದು ವ್ಯಾಪಾರಿ ಹೇಳಿದ. ಅದು ಸುಳ್ಳೂ ಅಲ್ಲ. ಮಳೆ ಬಂದದ್ದಕ್ಕೆ ಯಾರೂ ಅವನನ್ನು ದೂರಲಿಲ್ಲ. ಒದ್ದೆಯಾದುದನ್ನು ಜನರಿಗೆ ಕಾಣುವಂತೆ ಮೇಲೆ ಏಕೆ ಇಡಲಿಲ್ಲ ಎಂಬುದಷ್ಟೇ ಪ್ರಶ್ನೆಯಾಗಿತ್ತು. ಫಿಕ್‌ಹ್ ಪಂಡಿತರು ಇನ್ನೂ ಮುಂದೆ ಹೋದರು. ಖರೀದಿಗೆ ಮುಂಚೆಯೇ ಇದ್ದ ದೋಷ ಆಮೇಲೆ ಬಯಲಾದರೆ ಸರಕನ್ನು ಹಿಂದಿರುಗಿಸುವ ಹಕ್ಕು ಕೊಂಡವನಿಗಿದೆ. ಇದನ್ನು ಖಿಯಾರುಲ್ ಐಬ್ ಎನ್ನುತ್ತಾರೆ. ಮಾರಿದವನಿಗೆ ದೋಷ ಗೊತ್ತಿರಲಿಲ್ಲ ಎಂದ ಮಾತ್ರಕ್ಕೆ ಈ ಹಕ್ಕು ಅಳಿಯದು. ಕೊಂಡವನು ಒಪ್ಪಿ ಹಣ ಕೊಟ್ಟದ್ದು ದೋಷವಿಲ್ಲದ ಸರಕಿಗೆ. ಆದ್ದರಿಂದ ಹಿಂದಕ್ಕೆ ಪಡೆಯುವುದು ವ್ಯಾಪಾರಿಯ ಔದಾರ್ಯವಲ್ಲ.

ಈಗಿನ ದೊಡ್ಡ ಕಂಪೆನಿಗಳಲ್ಲಿ ಕ್ಷಮೆಗೇನೂ ಬರವಿಲ್ಲ. ಕಾಲ್ ಸೆಂಟರಿನ ಹುಡುಗಿ ಒಂದು ಪಾಳಿಯಲ್ಲಿ ಎಷ್ಟು ಬಾರಿ ಕ್ಷಮೆ ಕೇಳುತ್ತಾಳೋ! ಆದರೆ ಹಣ ಮರಳಿಸುವ ಅಧಿಕಾರ ಅವಳ ಕೈಯಲ್ಲಿರುವುದಿಲ್ಲ. ಅಧಿಕಾರ ಇರುವವರು ಫೋನಿಗೆ ಸಿಗುವುದಿಲ್ಲ. ತಾನು ಮಾಡದ ತಪ್ಪಿಗೆ ಬೈಗುಳ ತಿನ್ನುವ ಅವಳಿಗೂ ಇಲ್ಲಿ ಅನ್ಯಾಯವಾಗುತ್ತಿದೆ ಎಂಬುದು ಸಿಟ್ಟಿನ ಭರದಲ್ಲಿ ನಮಗೆ ಹೊಳೆಯುವುದಿಲ್ಲ. ಮನುಷ್ಯರ ಹಕ್ಕಿಗೆ ಸಂಬಂಧಿಸಿದ ಪಾಪದಲ್ಲಿ ಬರೀ ತೌಬಾ ಸಾಲದು, ಕಿತ್ತುಕೊಂಡದ್ದನ್ನು ಮರಳಿಸಬೇಕು ಎಂದು ನಮ್ಮ ಉಲೆಮಾಗಳು ಕಲಿಸುತ್ತಾರೆ. ಕಂಪೆನಿಗಳು ತೌಬಾದ ಭಾಗವನ್ನು ಮಾತ್ರ ಸಂಬಳಕ್ಕೆ ಕೊಟ್ಟು ಮಾಡಿಸುತ್ತಿವೆ.

ಕಾನೂನೇನೋ ಇದೆ. 1986ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಜಾಗಕ್ಕೆ 2019ರ ಕಾಯ್ದೆ ಬಂದಿದೆ. ಐದು ಲಕ್ಷ ರೂಪಾಯಿವರೆಗಿನ ಖರೀದಿಯ ದೂರಿಗೆ ಜಿಲ್ಲಾ ಆಯೋಗದಲ್ಲಿ ಶುಲ್ಕವೂ ಇಲ್ಲ. ಆದರೆ ಹತ್ತು ರೂಪಾಯಿಗಾಗಿ ಆ ಕೂಲಿಯವನು ಒಂದು ದಿನದ ಕೂಲಿ ಬಿಟ್ಟು ಬಸ್ಸು ಹತ್ತುವನೇ?