ಅನ್ನ ಹಾಕಿದರೆ ಮುಗಿಯಿತೇ?

ನಮ್ಮ ಸೀಮೆಯಲ್ಲಿ ನಾಯಿಗೆ ಅನ್ನ ಹಾಕದ ಮನೆ ಕಡಿಮೆ. ಮುದ್ದೆ ಉಳಿದರೆ ನಾಯಿಗೆ, ಒಬ್ಬಟ್ಟು ಸೀದುಹೋದರೆ ನಾಯಿಗೆ, ಮಗು ತಟ್ಟೆಯಲ್ಲಿ ಬಿಟ್ಟದ್ದೂ ನಾಯಿಗೆ. ಭೈರವನ ವಾಹನ ಅಂತ ಕೈ ಮುಗಿಯುವವರಿದ್ದಾರೆ. ಮೈಲಾರಲಿಂಗನ ಒಕ್ಕಲಿನವರಿಗೆ ಅದು ದೇವರ ಜೊತೆಗಾರ. ಹೀಗಿರುವಾಗ ನಾಯಿಯ ವಿಷಯದಲ್ಲಿ ನಮ್ಮ ಧರ್ಮ ಏನು ಅಂತ ಯಾರಾದರೂ ಕೇಳಿದರೆ, "ಅನ್ನ ಹಾಕ್ತೀವಲ್ಲ, ಇನ್ನೇನು?" ಅನ್ನೋದು ನಮ್ಮ ಉತ್ತರ. ಈ ಉತ್ತರ ಸಾಲುತ್ತದೆಯೇ ಅನ್ನೋದನ್ನು ಇಲ್ಲಿ ಸ್ವಲ್ಪ ಯೋಚಿಸೋಣ.

ಒಂದು ನಾಯಿ ಇದೆ ಅಂತ ಇಟ್ಕೊಳ್ಳಿ. ಉದ್ದ ಕಾಲು, ಸಣ್ಣ ಸೊಂಟ, ಮುಧೋಳದ ತಳಿಯ ರಕ್ತ ಸ್ವಲ್ಪ ಬೆರೆತದ್ದು. ಕಾವಲಿಗೋ ಮೊಲದ ಬೇಟೆಗೋ ಅಂತ ಯಾರೋ ಸಾಕಿದರು, ಹೊಡೆದರು, ಹೇಳಿದ ಹಾಗೆ ಕೇಳಲಿಲ್ಲ ಅಂತ ಹಿಂದೂಪುರದ ಮಾರುಕಟ್ಟೆಯ ಹತ್ತಿರ ಇಳಿಸಿ ಹೋದರು. ಕಲ್ಯಾಣದುರ್ಗದ ಕಡೆಯ ಒಂದು ಹಳ್ಳಿಯ ಸಂಸಾರ ಕಂಡು, ಮನಸ್ಸು ಕರಗಿ, ಮನೆಗೆ ತಂದಿತು. ಹೊಟ್ಟೆ ತುಂಬ ಹಾಕಿದರು. ಆದರೆ ಮನೆಯವರು ಎದುರಿಗಿದ್ದರೆ ಅದು ತಟ್ಟೆ ಮುಟ್ಟೋದಿಲ್ಲ. ಪೊರಕೆ ಎತ್ತಿದರೆ ಉಚ್ಚೆ ಹೊಯ್ಕೊಳ್ತದೆ. ಹತ್ತಿರ ಹೋದರೆ ಹಲ್ಲು ತೋರಿಸ್ತದೆ. ಹಗ್ಗ ಬಿಚ್ಚಿದ ಕ್ಷಣ ಕೋಳಿಯ ಹಿಂದೆ, ಕುರಿಯ ಹಿಂದೆ, ಮೋಟಾರುಬೈಕಿನ ಹಿಂದೆ ಬಾಣದ ಹಾಗೆ ಓಟ. ಹದಿನೈದು ದಿನಕ್ಕೆ ಮನೆಯವರಿಗೆ ಸಾಕಾಗುತ್ತದೆ. "ಅನ್ನ ತಿಂದ ಮನೆಗೆ ನಿಯತ್ತಿಲ್ಲದ ನಾಯಿ" ಅನ್ನುವ ಮಾತು ಬರುತ್ತದೆ. ಇಂಥ ನಾಯಿ ನೀವೂ ನೋಡಿರಬಹುದು.

ಈ ಮಾತಿನಲ್ಲಿ ಒಂದು ತಪ್ಪು ಲೆಕ್ಕ ಇದೆ. ಜೈನರಲ್ಲಿ ನಾಲ್ಕು ದಾನ ಹೇಳುತ್ತಾರೆ: ಆಹಾರ, ಔಷಧ, ಶಾಸ್ತ್ರ, ಅಭಯ. ಪೆನುಕೊಂಡದಲ್ಲಿ ಇವತ್ತಿಗೂ ಪಾರ್ಶ್ವನಾಥನ ಬಸದಿ ಇದೆ. ಕನ್ನಡ ನಾಡಿನ ಜೈನ ಶಾಸನಗಳು ದಾನಿಗಳನ್ನು ಹೊಗಳುವಾಗ ಈ ನಾಲ್ಕೂ ದಾನಗಳನ್ನು ಒಟ್ಟಿಗೆ ಹೆಸರಿಸುತ್ತವೆ. ಗಮನಿಸಿ, ಆಹಾರ ಕೊಟ್ಟಮೇಲೆ ಅಭಯ ತಾನಾಗಿ ಬರುತ್ತದೆ ಅಂತ ಹಿರಿಯರು ತಿಳಿಯಲಿಲ್ಲ. ಎರಡನ್ನೂ ಬೇರೆ ಬೇರೆ ಎಣಿಸಿದರು. ಮೊದಲನೆಯದನ್ನು ಕೊಟ್ಟು ಎರಡನೆಯದರ ಫಲ ಕೇಳುವುದು ನ್ಯಾಯವಲ್ಲ. ಆ ನಾಯಿಗೆ ಸಿಕ್ಕಿದ್ದು ಒಂದೇ ದಾನ.

ಈ ಎರಡಕ್ಕೂ ಇನ್ನೊಂದು ವ್ಯತ್ಯಾಸವಿದೆ. ಅನ್ನವನ್ನು ಕೊಡುವವನು ಅಳೆಯಬಹುದು: ಒಂದು ಸೇರು, ಎರಡು ಮುದ್ದೆ. ಅಭಯವನ್ನು ಕೊಡುವವನು ಅಳೆಯಲಾರ. "ಹೆದರಬೇಡ, ನಾನಿದ್ದೀನಿ" ಅಂತ ನಾವು ನೂರು ಸಲ ಹೇಳಬಹುದು. ಅದು ತಲುಪಿತೋ ಇಲ್ಲವೋ ಹೇಳಬೇಕಾದವನು ಹೆದರಿದವನೇ. ಅವನಿಗೆ ನಿದ್ದೆ ಬರೋವರೆಗೂ ನಮ್ಮ ದಾನ ನಮ್ಮ ಕೈಯಲ್ಲೇ ಉಳಿದಿದೆ ಅಂತ ಅರ್ಥ.

ಹೆದರಿಕೆ ಎಲ್ಲಿಂದ ಬರುತ್ತದೆ? ನಾಯಿಮರಿ ಹುಟ್ಟಿದ 3ನೇ ವಾರದಿಂದ ಸುಮಾರು 14ನೇ ವಾರದವರೆಗೆ ಲೋಕವನ್ನು ಕಲಿಯುವ ಕಾಲ. ಆಗ ಮನುಷ್ಯರನ್ನು, ಮಕ್ಕಳನ್ನು, ಗಾಡಿ ಸದ್ದನ್ನು ಒಳ್ಳೆಯ ರೀತಿಯಲ್ಲಿ ಕಾಣದ ಮರಿಗೆ ಆಮೇಲೆ ಎಲ್ಲವೂ ಭೂತದ ಹಾಗೆ ಕಾಣುತ್ತದೆ. ಕೆಲವಕ್ಕೆ ಆಮೇಲೆ ಬಿದ್ದ ಪೆಟ್ಟು ಕಾರಣ. ರಷ್ಯದ ವಿಜ್ಞಾನಿ ಪಾವ್ಲೋವ್ ಹೆಸರು ಮೇಷ್ಟ್ರುಗಳಿಗೆ ಗೊತ್ತಿರುತ್ತದೆ, ಗಂಟೆ ಸದ್ದಿಗೆ ನಾಯಿ ಜೊಲ್ಲು ಸುರಿಸಿದ ಪಾಠ. ಅವನದೇ ಇನ್ನೊಂದು ಪಾಠ ಅಷ್ಟು ಪ್ರಚಾರಕ್ಕೆ ಬಂದಿಲ್ಲ. 1924ರಲ್ಲಿ ಲೆನಿನ್‌ಗ್ರಾಡ್ ನಗರಕ್ಕೆ ಭಾರಿ ನೆರೆ ಬಂತು. ಪ್ರಯೋಗಶಾಲೆಯ ನಾಯಿಗಳು ಗೂಡುಗಳಲ್ಲೇ ಮುಳುಗುವ ಸ್ಥಿತಿಗೆ ಬಂದವು, ಕಡೇ ಗಳಿಗೆಯಲ್ಲಿ ಉಳಿಸಿದರು. ಆಮೇಲೆ ನೋಡಿದರೆ ಕೆಲವು ನಾಯಿಗಳು ಕಲಿತದ್ದನ್ನೆಲ್ಲ ಮರೆತಿದ್ದವು. ನಿಧಾನವಾಗಿ ಚೇತರಿಸಿಕೊಂಡ ಒಂದು ನಾಯಿಯ ಕೋಣೆಗೆ ಬಾಗಿಲ ಸಂದಿಯಿಂದ ಸ್ವಲ್ಪ ನೀರು ಹರಿಸಿದರೆ ಸಾಕು, ಮತ್ತೆ ಹಳೆಯ ಗತಿ. ನೆರೆ ಇಳಿದು ಎಷ್ಟೋ ದಿನ ಕಳೆದಿತ್ತು, ನಾಯಿಯ ಮೈಯೊಳಗಿನ ನೆರೆ ಇಳಿದಿರಲಿಲ್ಲ.

ಪೊರಕೆ ಕಂಡು ನಡುಗುವ ನಾಯಿಗೂ ಅಷ್ಟೇ. ಅದು ನಮ್ಮ ಕೈಯ ಪೊರಕೆಯನ್ನು ನೋಡ್ತಾ ಇಲ್ಲ. ಹಿಂದೆ ಯಾವುದೋ ಅಂಗಳದಲ್ಲಿ ಎದ್ದ ಕೋಲನ್ನು ನೋಡ್ತಾ ಇದೆ. ಅಂಥದಕ್ಕೆ "ಭಯ ಬಿಡಿಸ್ತೀನಿ" ಅಂತ ಮೂಲೆಗೆ ಒತ್ತಿ ಹಿಡಿದು ಮೈ ಸವರುವುದು, ಹತ್ತು ಜನ ಸುತ್ತ ನಿಂತು ನೋಡುವುದು, ಹೆದರಿದವರ ಮೇಲೆ ಹಾವು ಎಸೆದ ಹಾಗೆ. ಗುರುಗುಟ್ಟಿತು ಅಂತ ಹೊಡೆಯೋದು ಇನ್ನೂ ಅಪಾಯ. ಗುರುಗುಟ್ಟುವುದು ನಾಯಿಯ ಭಾಷೆಯಲ್ಲಿ "ದೂರ ಇರು, ನನಗೆ ಭಯ" ಅನ್ನುವ ಮಾತು. ಆ ಮಾತಿಗೆ ಏಟು ಬಿದ್ದರೆ ನಾಯಿ ಮಾತು ಬಿಡುತ್ತದೆ, ಭಯ ಬಿಡೋದಿಲ್ಲ. ಮುಂದಿನ ಸಲ ಸದ್ದಿಲ್ಲದೆ ಕಚ್ಚುತ್ತದೆ. ಬೊಗಳುವ ನಾಯಿ ಕಚ್ಚುವುದಿಲ್ಲ ಅನ್ನುವ ಗಾದೆಯನ್ನು ನಂಬಿ ಮಕ್ಕಳನ್ನು ಹತ್ತಿರ ಬಿಡಬೇಡಿ. ಹೆದರಿ ಬೊಗಳುವ ನಾಯಿಗೆ ದಾರಿ ಸಿಗದಿದ್ದರೆ ಕಚ್ಚುತ್ತದೆ.

ಮಹಾಭಾರತ ಬಲ್ಲವರು ಇಲ್ಲಿ ಒಂದು ಸಂಗತಿ ನೆನೆಸಿಕೊಳ್ಳಬೇಕು. ಆ ದೊಡ್ಡ ಕಥೆಯ ಆದಿಪರ್ವದಲ್ಲೇ ಒಂದು ನಾಯಿ ಬರುತ್ತದೆ. ಜನಮೇಜಯನ ಯಾಗದ ಹತ್ತಿರ ಬಂದ ನಾಯಿಮರಿಯನ್ನು ಅವನ ತಮ್ಮಂದಿರು ಹೊಡೆದು ಅಟ್ಟುತ್ತಾರೆ. ಅದು ಹವಿಸ್ಸನ್ನು ಮುಟ್ಟಿರಲಿಲ್ಲ, ನೋಡಿಯೂ ಇರಲಿಲ್ಲ. ತಾಯಿ ಸರಮೆ ಬಂದು ಕೇಳುತ್ತಾಳೆ, ತಪ್ಪಿಲ್ಲದೆ ಯಾಕೆ ಹೊಡೆದಿರಿ ಅಂತ. ಉತ್ತರ ಕೊಡುವವರಿಲ್ಲ. ಆಗ ಅವಳು ಕೊಡುವ ಶಾಪ ಏನು? ಸಾವಲ್ಲ, ದಾರಿದ್ರ್ಯವಲ್ಲ. ಕಾಣದ ಕಡೆಯಿಂದ ನಿಮಗೆ ಭಯ ಬರಲಿ ಅನ್ನುತ್ತಾಳೆ. ಕಥೆಯ ಕೊನೆಗೆ ಬನ್ನಿ. ಮಹಾಪ್ರಸ್ಥಾನದಲ್ಲಿ ಹೆಂಡತಿ, ತಮ್ಮಂದಿರು ಎಲ್ಲರೂ ಬಿದ್ದಮೇಲೆ ಧರ್ಮರಾಯನ ಜೊತೆ ಉಳಿದದ್ದು ಒಂದು ನಾಯಿ. ನಾಯಿ ಬಿಟ್ಟು ರಥ ಹತ್ತು ಅಂತ ಇಂದ್ರ ಹೇಳುತ್ತಾನೆ. ಹೆದರಿದವರನ್ನು, ನನ್ನನ್ನೇ ನಂಬಿ ಬಂದವರನ್ನು, ಬೇರೆ ಗತಿಯಿಲ್ಲದವರನ್ನು ಬಿಡುವವನು ನಾನಲ್ಲ ಅನ್ನುವುದು ಧರ್ಮರಾಯನ ಉತ್ತರದ ಸಾರ.

ಸರಮೆಯ ಶಾಪವನ್ನು ನಾನು ಲೋಕದ ನಿಯಮ ಅಂತಲೇ ಓದುತ್ತೇನೆ. ನಾಯಿಗೆ ಹೊಡೆದವನು ಊರು ಬಿಟ್ಟು ಹೋಗಿರುತ್ತಾನೆ. ಅವನು ತುಂಬಿದ ಭಯ ಮಾತ್ರ ನಾಯಿಯ ಜೊತೆ ಊರಿಗೆ ಬರುತ್ತದೆ, ಏನೂ ತಿಳಿಯದ ಮಗುವಿನ ಕೈಗೆ ಹಲ್ಲು ಊರುತ್ತದೆ. ಭಯವನ್ನು ಬಿತ್ತಿದವನೊಬ್ಬ, ಕೊಯ್ಯುವವನು ಇನ್ನೊಬ್ಬ. ಹಾಗಾಗಿ ಅಂಜಿದ ನಾಯಿಯ ಅಂಜಿಕೆ ಬಿಡಿಸುವುದು ನಾಯಿಗೆ ಮಾತ್ರ ಮಾಡಿದ ಉಪಕಾರವಲ್ಲ, ಊರಿಗೂ ಮಾಡಿದ ಉಪಕಾರ.

ಬಿಡಿಸೋದು ಹೇಗೆ? ಹೇಳೋದು ಸುಲಭ, ಮಾಡೋದಕ್ಕೆ ತಾಳ್ಮೆ ಬೇಕು. ಮೊದಲು ಪಶು ಆಸ್ಪತ್ರೆಗೆ ಕರೆದೊಯ್ದು ಹುಚ್ಚುನಾಯಿ ರೋಗದ ಲಸಿಕೆ ಹಾಕಿಸಬೇಕು, ನೋವಿದೆಯೋ ನೋಡಿಸಬೇಕು; ಕಿವಿಯ ಹುಣ್ಣು, ಹಳೆಯ ಮೂಳೆ ಪೆಟ್ಟು ಇದ್ದರೂ ನಾಯಿ ಮುಟ್ಟಿಸಿಕೊಳ್ಳೋದಿಲ್ಲ. ಮನೆಯಲ್ಲಿ ಅದಕ್ಕೆ ಒಂದು ಮೂಲೆ ಕೊಡಿ, ಅಲ್ಲಿಗೆ ಯಾರೂ ಕೈ ಹಾಕಬಾರದು. ಊಟ ದಿನವೂ ಅದೇ ಹೊತ್ತಿಗೆ, ಅದೇ ಜಾಗದಲ್ಲಿ. ಕಣ್ಣಲ್ಲಿ ಕಣ್ಣಿಟ್ಟು ನೋಡದೆ ಪಕ್ಕಕ್ಕೆ ತಿರುಗಿ ಕೂತು ಒಂದು ತುತ್ತು ದೂರಕ್ಕೆ ಎಸೆಯಿರಿ. ಯಾವ ದೂರದಲ್ಲಿ ನಿರಾಳವಾಗಿ ತಿನ್ನುತ್ತದೋ ಅದು ಇವತ್ತಿನ ಗಡಿ. ಗಡಿ ದಾಟಿ ಬರಬೇಕಾದ್ದು ಅದು, ನಾವಲ್ಲ. ಬಂದು ಮೂಸಿ ಹೋಗಲಿ, ಹಿಡಿಯಬೇಡಿ. ಹೋಗುವ ದಾರಿ ತೆರೆದಿದೆ ಅಂತ ಗೊತ್ತಾದ ನಾಯಿಯೇ ಮತ್ತೆ ಬರೋದು. ವಾರಗಳು ಹಿಡಿಯಬಹುದು, ತಿಂಗಳುಗಳೂ ಹಿಡಿಯಬಹುದು. ದೀಪಾವಳಿಯ ಒಂದು ಪಟಾಕಿಗೆ ಗಳಿಸಿದ್ದರಲ್ಲಿ ಅರ್ಧ ಹೋಗಬಹುದು. ಮತ್ತೆ ಶುರು ಮಾಡಬೇಕು.

ಇನ್ನು ಓಟದ ವಿಷಯ. ಭಯದ ಜೊತೆಗೆ ಈ ನಾಯಿಗೆ ಹುರುಪೂ ಜಾಸ್ತಿ. ಇದನ್ನು ಕೆಟ್ಟ ಗುಣ ಅನ್ನುವ ಮೊದಲು ಮಂಡ್ಯ ಜಿಲ್ಲೆಯ ಆತಕೂರಿನ ಕಲ್ಲನ್ನು ನೆನೆಯಿರಿ. ಸುಮಾರು ಕ್ರಿ.ಶ. 949–50ರ ಶಾಸನ, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರನಿಗೆ ಗಂಗರ ಬೂತುಗ ಮೆಚ್ಚಿ ಏನು ಬೇಕು ಅಂದಾಗ, ಅವನು ಕೇಳಿದ್ದು ಕಾಳಿ ಅನ್ನುವ ನಾಯಿಯನ್ನು. ಆ ಕಾಳಿ ಮುಂದೆ ಕಾಡುಹಂದಿಯ ಜೊತೆ ಹೋರಾಡಿ ಸತ್ತಿತು, ಹಂದಿಯೂ ಸತ್ತಿತು. ಅದಕ್ಕೆ ಕಲ್ಲು ನಿಲ್ಲಿಸಿ, ಪೂಜೆಗೆ ಭೂಮಿ ಬಿಟ್ಟರು. ಹತ್ತನೇ ಶತಮಾನದಲ್ಲಿ ಕಲ್ಲು ಹಾಕಿಸಿಕೊಂಡ ಅದೇ ಹುರುಪು ಇವತ್ತು ಏಟು ತಿನ್ನುತ್ತಿದೆ. ಹುರುಪು ಬದಲಾಗಿಲ್ಲ, ಅದಕ್ಕೆ ಕೆಲಸ ಇಲ್ಲವಾಗಿದೆ.

ಕೆಲಸವಿಲ್ಲದ ಹುರುಪನ್ನು ಮೂರು ಮೊಳದ ಸರಪಳಿಯಲ್ಲಿ ಕಟ್ಟಿಹಾಕಿದರೆ ಅದು ಕುದಿಯುತ್ತದೆ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೇ ಕಲಂ ಇದನ್ನು ಸ್ಪಷ್ಟವಾಗಿ ಹೇಳಿದೆ: ತೀರಾ ಗಿಡ್ಡ ಅಥವಾ ತೀರಾ ಭಾರದ ಸರಪಳಿಯಲ್ಲಿ ಅತಿ ಹೊತ್ತು ಕಟ್ಟುವುದು ತಪ್ಪು, ಯಾವಾಗಲೂ ಕಟ್ಟಿರುವ ನಾಯಿಗೆ ವ್ಯಾಯಾಮ ಕೊಡದೆ ಇರುವುದೂ ತಪ್ಪು. ಬೆಳಗಿನ ಜಾವ ಉದ್ದನೆಯ ಹಗ್ಗದಲ್ಲಿ ಹೊಲದ ಬದುವಿನ ಮೇಲೆ ಮೂಸಿಕೊಂಡು ಓಡಾಡಲಿ. ಮುದ್ದೆಯ ಚೂರುಗಳನ್ನು ಹುಲ್ಲಿನಲ್ಲಿ ಬಚ್ಚಿಟ್ಟು ಹುಡುಕಿಸಿ. ಸಿಳ್ಳೆಗೆ ತಿರುಗಿ ಬಂದರೆ ರುಚಿಯಾದ ತುತ್ತು ಕೊಡಿ. ಬೇಟೆಯ ಮೂಗಿಗೆ ಅದೇ ಬೇಟೆ. ತಲೆಗೆ ಕೆಲಸ ಸಿಕ್ಕ ನಾಯಿಗೆ ಭಯವೂ ಕಡಿಮೆಯಾಗುತ್ತಾ ಬರುತ್ತದೆ.

ಇಲ್ಲಿ ಕುರಿಗಾರ ಎದ್ದು ಒಂದು ಪ್ರಶ್ನೆ ಕೇಳುತ್ತಾನೆ, ಕೇಳಲೇಬೇಕು. "ಸ್ವಾಮಿ, ನೀವು ನಾಯಿಗೆ ಅಭಯ ಕೊಡ್ತೀರಿ. ಅದು ನನ್ನ ಮಂದೆಗೆ ನುಗ್ಗಿದರೆ ನನ್ನ ಕುರಿಗೆ ಅಭಯ ಕೊಡೋರು ಯಾರು?" ಕಲ್ಯಾಣದುರ್ಗದ ಕಡೆ ಕುರಿಮಂದೆ ಅಂದರೆ ಸಂಸಾರದ ಗಂಜಿ, ಮಗಳ ಮದುವೆ, ಬ್ಯಾಂಕಿನ ಸಾಲ ಎಲ್ಲಾ ಸೇರಿದ್ದು. ಒಂದು ಗಬ್ಬದ ಕುರಿ ಓಡಿ ಬಿದ್ದರೆ ಅವನ ವರ್ಷವೇ ಬಿದ್ದ ಹಾಗೆ. ನಮ್ಮ ದಯೆಯ ಖರ್ಚನ್ನು ಅವನ ಲೆಕ್ಕಕ್ಕೆ ಬರೆಯುವ ಹಕ್ಕು ನಮಗಿಲ್ಲ. ಒಬ್ಬರಿಗೆ ಕೊಟ್ಟ ಅಭಯ ಇನ್ನೊಬ್ಬರ ಭಯವಾಗಬಾರದು. ಆದ್ದರಿಂದ ಹಗ್ಗ ಇರಲೇಬೇಕು. ಹಗ್ಗವೇ ಕ್ರೌರ್ಯ ಅನ್ನುವವರ ಮಾತು ನನಗೆ ಒಪ್ಪಿಗೆಯಾಗೋದಿಲ್ಲ. ತುಡುಗು ದನದ ಕೊರಳಿಗೆ ಕೊರಡು ಕಟ್ಟಿದ್ದು ದ್ವೇಷಕ್ಕಲ್ಲ ತಾನೇ? ನಾಯಿಗೆ ಶಿಕ್ಷೆ ಅಂತ ಗೂಟಕ್ಕೆ ಬಿಗಿದು ಮರೆತುಬಿಡುವ ಹಗ್ಗ ಬೇರೆ, ಒಂದು ತುದಿ ನಮ್ಮ ಕೈಯಲ್ಲೇ ಇದ್ದು ನಾವೂ ಜೊತೆಗೆ ನಡೆಯುವ ಹಗ್ಗ ಬೇರೆ. ಎರಡನೆಯದು ಕುರಿಯನ್ನೂ ಕಾಯುತ್ತದೆ, ಊರವರ ದೊಣ್ಣೆಯಿಂದ ನಾಯಿಯನ್ನೂ ಕಾಯುತ್ತದೆ. ಮಕ್ಕಳಿರುವ ಕಡೆ ಬಾಯಿಗೆ ಕುಕ್ಕೆ ಹಾಕುವುದೂ ಅಷ್ಟೇ. ಇಷ್ಟೆಲ್ಲ ಜೋಪಾನ ಮಾಡಿದರೂ ಕಚ್ಚಿದರೆ, ಗಾಯವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗಿ ಲಸಿಕೆ ಶುರು ಮಾಡಬೇಕು. ಸುಣ್ಣ, ಖಾರದಪುಡಿ ಹಚ್ಚಬಾರದು.

ಇನ್ನೊಂದು ಆಕ್ಷೇಪ: "ನಾಯಿ ಬಾಲ ಯಾವತ್ತಿದ್ದರೂ ಡೊಂಕು." ಇದರಲ್ಲಿ ಸ್ವಲ್ಪ ನಿಜವಿದೆ. ಎಷ್ಟು ಮಾಡಿದರೂ ಪೂರ್ತಿ ಗುಣವಾಗದ ನಾಯಿಗಳಿವೆ. ಮನೆಯವರ ಹತ್ತಿರ ಸರಿ, ಹೊಸಬರು ಬಂದರೆ ಮಂಚದ ಕೆಳಗೆ, ಅಷ್ಟಕ್ಕೇ ನಿಂತುಬಿಡುತ್ತವೆ. ಹಾಗಾದರೆ ಮಾಡಿದ್ದು ವ್ಯರ್ಥವೇ? ಬಾಲ ನೆಟ್ಟಗಾಗಬೇಕು ಅನ್ನುವುದು ನಮ್ಮ ಆಸೆ. ಬಾಲ ಕಾಲಸಂದಿಯಿಂದ ಹೊರಗೆ ಬಂದರೆ ಸಾಕು ಅನ್ನುವುದು ನಾಯಿಯ ಆಸೆ. ಡೊಂಕಾಗಿಯೇ ಇರಲಿ, ಅಲ್ಲಾಡಲಿ. ನಮ್ಮನ್ನು ಪ್ರೀತಿಸಬೇಕು, ಊರೆಲ್ಲ ಹೊಗಳಬೇಕು ಅಂತ ಸಾಕಿದರೆ ಅದು ವ್ಯಾಪಾರವಾಯಿತು.

ಮೇಷ್ಟ್ರುಗಳಿಗೆ ಈ ಮಾತು ಹೊಸದಾಗಿರಲಾರದು. ಬೆತ್ತಕ್ಕೆ ಹೆದರಿ ಸುಮ್ಮನೆ ಕೂತ ಮಗುವಿಗೆ ಪಾಠ ಅರ್ಥವಾಗಿದೆ ಅಂತ ಯಾರೂ ಹೇಳೋದಿಲ್ಲ. ಸದ್ದಡಗಿದೆ, ಅಷ್ಟೇ. ನಾಯಿಯ ವಿಷಯದಲ್ಲೂ ಸುಮ್ಮನಾಗಿದೆ ಅನ್ನುವುದು ಬೇರೆ, ನಿರ್ಭಯವಾಗಿದೆ ಅನ್ನುವುದು ಬೇರೆ.

ಅದಕ್ಕೇ, ರಸ್ತೆಯ ಬದಿಯಲ್ಲಿ ಇಂಥ ನಾಯಿ ಕಂಡು ಮನಸ್ಸು ಕರಗಿದಾಗ, ಗಾಡಿಗೆ ಹತ್ತಿಸುವ ಮೊದಲು ಮನೆಯವರೆಲ್ಲ ಕೂತು ಮೂರು ವಿಷಯ ಮಾತಾಡಿಕೊಳ್ಳಬೇಕು. ದಿನಾ ಬೆಳಿಗ್ಗೆ ಹಗ್ಗ ಹಿಡಿದು ನಡೆಯುವವರು ಯಾರು? ತೆವಳುವ ಕೂಸು ಮನೆಯಲ್ಲಿದ್ದರೆ ಅದನ್ನೂ ನಾಯಿಯನ್ನೂ ದೂರ ದೂರ ಇಡುವ ಜಾಗ ಇದೆಯಾ? ಒಂದು ವರ್ಷ ಕಳೆದರೂ ಹತ್ತಿರ ಬರದಿದ್ದರೆ ಇದೇ ಮುಖದಲ್ಲಿ ಅನ್ನ ಹಾಕ್ತೀವಾ? ಉತ್ತರ ಹೌದು ಆದರೆ ತನ್ನಿ. ಇಲ್ಲ ಅನ್ನಿಸಿದರೆ ಅಲ್ಲೇ ನೀರು, ಅನ್ನ ಇಟ್ಟು ಪಶುವೈದ್ಯರಿಗೆ ತಿಳಿಸಿ, ಆಗುವ ಮನೆ ಹುಡುಕಿಕೊಡಿ. ಅದರಲ್ಲಿ ನಾಚಿಕೆಯೇನಿಲ್ಲ. ತಂದು, ಆರು ತಿಂಗಳು ಸಾಕಿ, ಮತ್ತೆ ಬೇರೊಂದು ಊರಿನ ಸಂತೆಯಲ್ಲಿ ಇಳಿಸಿ ಬರುವುದು ಮಾತ್ರ ಬೇಡ. ಮುಂದಿನ ಮನೆಯವರು ಆಗ ಎರಡು ಪಟ್ಟು ಭಯವನ್ನು ಬಿಡಿಸಬೇಕಾಗುತ್ತದೆ.