ಕಾಲಕ್ಕೆ ಕಿವಿಯಿಲ್ಲ

“ಕಾಲವೇ ಹೇಳುತ್ತೆ ಬಿಡಿ” ಎನ್ನುವ ಮಾತು ಬಿದ್ದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಈಚೆಗೆ ಅದನ್ನು ಕೇಳಿದ್ದು ಮೈಸೂರಿನ ಒಂಟಿಕೊಪ್ಪಲಿನಲ್ಲಿ, ಎಂಟನೇ ಕ್ರಾಸಿನ ಗಣೇಶೋತ್ಸವದ ಕಚೇರಿ ಮುಗಿದು ಜನ ಚೆದುರುತ್ತಿದ್ದಾಗ. ಜೀವಮಾನವಿಡೀ ಕಚೇರಿ ಕೇಳಿದ ಹಿರಿಯರೊಬ್ಬರು, ರಘು ದೀಕ್ಷಿತ್ ಮತ್ತು ಅವರ ಹಿಂದೆಯೇ ಗಿಟಾರ್ ಹಿಡಿದು ವೇದಿಕೆ ಹತ್ತಿದ ಹುಡುಗರ ಬಗ್ಗೆ ಮಾತು ಬಂದಾಗ ಹೇಳಿದರು: “ಅದು ಶೇಷಣ್ಣ, ಚೌಡಯ್ಯ ಕೂತ ಸಾಲು. ಇವರನ್ನ ಈಗಲೇ ಅಲ್ಲಿ ತಂದು ಕೂರಿಸೋ ಅವಸರ ಏನು? ಇನ್ನೈವತ್ತು ವರ್ಷ ಹೋಗಲಿ. ಉಳಿದರೆ ದೊಡ್ಡವರು, ಇಲ್ಲದಿದ್ದರೆ ಇಲ್ಲ.” ಸುತ್ತ ನಿಂತವರೆಲ್ಲ ತಲೆಯಾಡಿಸಿದರು. ಹೆಮ್ಮಿಗೆಗೆ ವಾಪಸಾಗುವ ಬಸ್ಸಿನಲ್ಲಿ ಟಿ. ನರಸೀಪುರ ದಾಟುವವರೆಗೂ ನಾನು ಅವರೊಡನೆ ಮನಸ್ಸಿನಲ್ಲೇ ವಾದ ಮಾಡುತ್ತಿದ್ದೆ.

ಅವರ ಮಾತಿನಲ್ಲಿ ಎರಡು ಬೇರೆ ಬೇರೆ ಸಂಗತಿಗಳು ಅಂಟಿಕೊಂಡಿವೆ. ಈ ಹುಡುಗರು ದೊಡ್ಡ ಕಲಾವಿದರಲ್ಲ ಎನ್ನುವುದು ಒಂದು. ದೊಡ್ಡವರೋ ಅಲ್ಲವೋ ಎಂದು ಇವತ್ತು ಯಾರೂ ಹೇಳಲಾಗದು ಎನ್ನುವುದು ಇನ್ನೊಂದು. ಮೊದಲನೆಯದನ್ನು ಹೇಳುವವರು ಕಾರಣ ಕೊಡಬೇಕು, ಆ ಕಾರಣದ ಜೊತೆ ಜಗಳ ಆಡಬಹುದು. ಎರಡನೆಯದಕ್ಕೆ ಕಾರಣವೇ ಬೇಡ. ಕೇಳುವ ಕೆಲಸವನ್ನು ಇನ್ನೂ ಹುಟ್ಟದವರ ಹೆಗಲಿಗೆ ದಾಟಿಸಿ ಮನೆಗೆ ಹೋಗಬಹುದು. ನನಗೆ ಸಹಿಸಲಾಗದ್ದು ಇದು.

ಸಹೃದಯನ ಲಕ್ಷಣ ಹೇಳಿದ ಆಲಂಕಾರಿಕರಲ್ಲಿ ದೊಡ್ಡವರೆಂದು ಯಾರು ಹೇಳಬೇಕು ಎಂಬುದಕ್ಕೆ ಉತ್ತರ ಹುಡುಕುವವರಿದ್ದಾರೆ, ಜರ್ಮನಿಯ ಕಾಂಟ್‌ನಲ್ಲಿ ಹುಡುಕುವವರೂ ಇದ್ದಾರೆ. ಎರಡು ಕಡೆಯೂ ನನ್ನ ಮನಸ್ಸು ನಿಂತಿಲ್ಲ. ಸಹೃದಯನಿಗೆ ಹಿಡಿಸಿದ್ದೇ ಉತ್ತಮ, ಉತ್ತಮವಾದದ್ದು ಹಿಡಿಸುವವನೇ ಸಹೃದಯ ಎಂದು ಸುತ್ತುವ ಮಾತಿನಿಂದ ಒಬ್ಬ ಗಿಟಾರಿಗನ ಬಗ್ಗೆಯೂ ಏನೂ ತಿಳಿಯುವುದಿಲ್ಲ. ಅವರನ್ನು ಅಲ್ಲಿಗೇ ಬಿಡುತ್ತೇನೆ.

ನಾನು ಎದುರು ನಿಂತು ಮಾತಾಡಬೇಕಾದವನು ಸ್ಕಾಟ್ಲೆಂಡಿನ ಡೇವಿಡ್ ಹ್ಯೂಮ್. ಒಂಟಿಕೊಪ್ಪಲಿನ ಹಿರಿಯರು ಆಡಿದ್ದು, ತಿಳಿದೋ ತಿಳಿಯದೆಯೋ, ಅವನ ವಾದವನ್ನೇ. 1757ರಲ್ಲಿ ಪ್ರಕಟವಾದ ಅಭಿರುಚಿಯ ಅಳತೆಗೋಲಿನ ಕುರಿತ ಪ್ರಬಂಧದಲ್ಲಿ ಹ್ಯೂಮ್ ಕೇಳುವುದು ಇಷ್ಟೇ: ಒಬ್ಬೊಬ್ಬರ ರುಚಿ ಒಂದೊಂದು ಬಗೆ, ಆದರೂ ಒಂದು ಕೃತಿ ಇನ್ನೊಂದಕ್ಕಿಂತ ಮೇಲು ಎಂದು ಯಾವ ಧೈರ್ಯದಿಂದ ಹೇಳುತ್ತೇವೆ? ಅವನ ಉತ್ತರಕ್ಕೆ ಎರಡು ಕಾಲು. ಒಳ್ಳೆಯ ತೀರ್ಪುಗಾರ ಒಂದು ಕಾಲು: ಸೂಕ್ಷ್ಮ ಸಂವೇದನೆ, ಬಹುಕಾಲದ ಅಭ್ಯಾಸ, ಹೋಲಿಸಿ ನೋಡಿದ ಅನುಭವ, ಪೂರ್ವಗ್ರಹವಿಲ್ಲದ ಮನಸ್ಸು, ಗಟ್ಟಿ ವಿವೇಕ ಇರುವವನು. ಕಾಲ ಇನ್ನೊಂದು ಕಾಲು: ಅಥೆನ್ಸಿನಲ್ಲಿ, ರೋಮಿನಲ್ಲಿ ಮೆಚ್ಚುಗೆ ಪಡೆದ ಹೋಮರ್ ಎರಡು ಸಾವಿರ ವರ್ಷದ ಮೇಲೆ ಪ್ಯಾರಿಸ್, ಲಂಡನ್ನಿನಲ್ಲೂ ಮೆಚ್ಚುಗೆ ಪಡೆಯುತ್ತಾನೆ. ಅಸೂಯೆ, ಶೋಕಿ, ಅಧಿಕಾರದ ಬೆಂಬಲ ಎಲ್ಲ ಉದುರಿಹೋದ ಮೇಲೂ ನಿಲ್ಲುವುದು ನಿಜವಾದ ಹಿರಿಮೆ.

ಚೆನ್ನಾದ ವಾದ. ಆದರೆ ಅವನು ಆರಿಸಿಕೊಂಡ ಉದಾಹರಣೆ ನೋಡಿ. ಹೋಮರನ ಕಾವ್ಯ ಬರಹದಲ್ಲಿ ಉಳಿದಿದೆ. ಪ್ರತಿ ತಲೆಮಾರೂ ಅದನ್ನು ಕೈಗೆತ್ತಿಕೊಂಡು ತಾನೇ ಪರೀಕ್ಷಿಸಬಹುದು. ವೀಣೆ ಶೇಷಣ್ಣನವರು ತೀರಿಕೊಂಡದ್ದು 1926ರಲ್ಲಿ. ಅವರ ಎದುರು ಕೂತು ಕೇಳಿದವರು ಈಗ ಯಾರೂ ಇಲ್ಲ. ಅವರು ಮಹಾವೈಣಿಕರು ಎಂದು ನಾನೂ ನಂಬಿದ್ದೇನೆ, ಎಂಟನೇ ಕ್ರಾಸಿನ ಹಿರಿಯರೂ ನಂಬಿದ್ದಾರೆ. ಆದರೆ ನಾವು ಆ ಬೆರಳುಗಳನ್ನು ಪರೀಕ್ಷಿಸಿ ಆ ನಿರ್ಧಾರಕ್ಕೆ ಬಂದವರಲ್ಲ. 1926ಕ್ಕೆ ಮುಂಚೆ ಕಿವಿಯಿಟ್ಟು ಕೇಳಿದವರು ಅವತ್ತೇ ಕೊಟ್ಟ ತೀರ್ಪನ್ನು ಒಪ್ಪಿಕೊಂಡವರು. ವಾದ್ಯ ನುಡಿಸುವವರ ವಿಷಯದಲ್ಲಿ ಕಾಲ ಸಾಕ್ಷಿಯನ್ನೇ ಅಳಿಸುತ್ತ ಹೋಗುತ್ತದೆ. ಸಾಕ್ಷಿ ಅಳಿಸುವುದಕ್ಕೆ ಮುಂಚೆ ಬಾಯಿ ಬಿಟ್ಟವರಿಂದಲೇ ನಮಗೆ ಶೇಷಣ್ಣನವರು ಸಿಕ್ಕಿರುವುದು. ಅವರೂ ಐವತ್ತು ವರ್ಷ ಹೋಗಲಿ ಎಂದು ಕಾದಿದ್ದರೆ?

ನಮ್ಮೂರ ಕಡೆಯವರೇ ಆದ ಚೌಡಯ್ಯನವರ ಕಥೆ ಇನ್ನೂ ಸ್ಪಷ್ಟ. ತಿರುಮಕೂಡಲಿನಲ್ಲಿ, ಕಾವೇರಿ ಕಪಿಲೆ ಸೇರುವ ಜಾಗದಲ್ಲಿ ಹುಟ್ಟಿ, ಮೈಸೂರಿನಲ್ಲಿ ಬಿಡಾರಂ ಕೃಷ್ಣಪ್ಪನವರ ಬಳಿ ಬೆಳೆದವರು. ಮೈಕಿಲ್ಲದ ಸಭೆಗಳಲ್ಲಿ ಪಿಟೀಲಿನ ನಾದ ಹಿಂದಿನ ಸಾಲಿಗೆ ಮುಟ್ಟುವುದಿಲ್ಲ ಎಂದು 1927ರ ಸುಮಾರಿಗೆ ನಾಲ್ಕು ತಂತಿಯ ವಾದ್ಯಕ್ಕೆ ಮತ್ತೆ ಮೂರು ತಂತಿ ಕಟ್ಟಿದರು. ಸಂಪ್ರದಾಯದ ಕಣ್ಣಿಗೆ ಇದು ಸಣ್ಣ ಅತಿಕ್ರಮವಲ್ಲ. ಒಪ್ಪದವರೂ ಇದ್ದರು, ಕೇಳಿ ಒಪ್ಪಿಕೊಂಡವರೂ ಇದ್ದರು. 1957ರಲ್ಲಿ ಮದರಾಸು ಸಂಗೀತ ಅಕಾಡೆಮಿಯ ಸಂಗೀತ ಕಲಾನಿಧಿ ಬಿರುದು ಬಂದಾಗ ಅವರು ಬದುಕಿದ್ದರು, ನುಡಿಸುತ್ತಿದ್ದರು. ಅಷ್ಟೇಕೆ, ಪಿಟೀಲೇ ಪರದೇಶದಿಂದ ಬಂದ ವಾದ್ಯ. ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು ಅದನ್ನು ನಮ್ಮ ಸಂಗೀತಕ್ಕೆ ಒಗ್ಗಿಸಿದಾಗ ಅದೂ ಇವತ್ತಿನ ಗಿಟಾರಿನ ಸ್ಥಿತಿಯಲ್ಲೇ ಇದ್ದಿರಬೇಕು. 1969ರಲ್ಲಿ ಹುಟ್ಟಿದ ಯು. ಶ್ರೀನಿವಾಸ್ ಇನ್ನೂ ಹುಡುಗನಾಗಿದ್ದಾಗಲೇ ವಿದ್ಯುತ್ ಮ್ಯಾಂಡೊಲಿನ್ನಿನಲ್ಲಿ ರಾಗ ನುಡಿಸಿದಾಗ, ಇದು ನಮ್ಮ ವಾದ್ಯವೇ ಎಂಬ ತಕರಾರು ಎದ್ದಿತು. ಆ ತಕರಾರನ್ನು ಅಡಗಿಸಿದ್ದು ವರ್ಷಗಳಲ್ಲ, ಆ ಹುಡುಗನ ಕಚೇರಿಗಳೇ. ಅಮೆರಿಕದ ಜಿಮಿ ಹೆಂಡ್ರಿಕ್ಸ್ ತನ್ನ 27ನೇ ವಯಸ್ಸಿನಲ್ಲಿ, 1970ರಲ್ಲಿ ತೀರಿಕೊಂಡ. ಗಿಟಾರಿನಲ್ಲಿ ಅವನು ಏನು ಮಾಡಿದ ಎಂಬುದು ಅವನು ಇದ್ದಾಗಲೇ ಕೇಳಿದವರಿಗೆ ಗೊತ್ತಿತ್ತು.

ಕಾಲವನ್ನು ಜರಡಿ ಎನ್ನುತ್ತಾರೆ. ಜರಡಿ ತಾನಾಗಿ ಆಡುವುದಿಲ್ಲ, ಹಿಡಿದು ಆಡಿಸುವ ಕೈ ಬೇಕು. ಶೇಷಣ್ಣನವರ ಕಾಲಕ್ಕೆ ಆ ಕೈ ಮೈಸೂರಿನ ಅರಮನೆಯದು. ನಮ್ಮ ಸೀಮೆಯ ನೀಲಗಾರರು ತಂಬೂರಿ ಹಿಡಿದು ಮಂಟೇಸ್ವಾಮಿ, ಸಿದ್ಧಪ್ಪಾಜಿಯ ಕಥೆಯನ್ನು ರಾತ್ರಿಯಿಡೀ ಹಾಡಿದವರು. ಅವರಲ್ಲಿ ಶೇಷಣ್ಣನವರ ಎತ್ತರದವರು ಒಬ್ಬರೂ ಇರಲಿಲ್ಲ ಎಂದು ನಂಬಲು ನನಗೆ ಸಾಧ್ಯವಿಲ್ಲ. ಅವರ ಹೆಸರುಗಳು ಹೋದವು. ಹೋದದ್ದಕ್ಕೆ ಅವರ ಹಾಡಿಕೆ ಕಾರಣವಲ್ಲ; ಬರೆದಿಡುವ ಕೈ ಅವರ ಜಗುಲಿಯವರೆಗೆ ಬರಲೇ ಇಲ್ಲ. ಹ್ಯೂಮ್ ಅಧಿಕಾರದ ಬೆಂಬಲ ಉದುರಿಹೋಗುತ್ತದೆ ಎಂದ. ಇಲ್ಲಿ ಉದುರಿದ್ದು ಬೆಂಬಲವಿಲ್ಲದವರು.

ಇಷ್ಟರಲ್ಲಿ ವಾದ ಗೆದ್ದೆ ಎನ್ನಬಹುದಿತ್ತು. ಆದರೆ ಹ್ಯೂಮ್‌ನ ಪರವಾಗಿ ಒಂದು ಬಲವಾದ ಉತ್ತರವಿದೆ, ಅದನ್ನು ನಾನೇ ಹೇಳಬೇಕು. ವಾದ್ಯಗಾರನೂ ಹಿಂದೆ ಏನನ್ನೋ ಬಿಟ್ಟುಹೋಗುತ್ತಾನೆ. ಶೇಷಣ್ಣನವರಿಂದ ವೆಂಕಟಗಿರಿಯಪ್ಪನವರಿಗೆ, ಅವರಿಂದ ದೊರೆಸ್ವಾಮಿ ಅಯ್ಯಂಗಾರರಿಗೆ ಒಂದು ಬಾನಿ ಇಳಿದು ಬಂತು. ಎಡಗೈಯ ಎರಡು ಬೆರಳುಗಳನ್ನು ಬಿಡಿಸಿ ಮೆಟ್ಟಿಲುಗಳ ಮೇಲೆ ಓಡಿಸುವುದು, ತಂತಿಯನ್ನು ಅತಿಯಾಗಿ ಎಳೆಯದೆ ಒಂದೊಂದು ಸ್ವರವನ್ನೂ ಬಿಡಿಬಿಡಿಯಾಗಿ ಕೇಳಿಸುವುದು, ಮೀಟಿನಲ್ಲಿ ಅವಸರವಿಲ್ಲದಿರುವುದು. ದೊರೆಸ್ವಾಮಿ ಅಯ್ಯಂಗಾರರ ವೀಣೆಯನ್ನು ನಾನು ಆಕಾಶವಾಣಿಯಲ್ಲಿ ಬೇಕಾದಷ್ಟು ಕೇಳಿದ್ದೇನೆ. ಅದರಲ್ಲಿ ಶೇಷಣ್ಣನವರ ಪಾಲು ಇದ್ದೇ ಇತ್ತು. ಹಾಗಿದ್ದ ಮೇಲೆ ಸಾಕ್ಷಿ ಪೂರ್ತಿ ಅಳಿಸಿಲ್ಲ. ಶಿಷ್ಯರ ಕೈಯಲ್ಲಿ ಉಳಿಯುವುದೇ ವಾದ್ಯಗಾರನಿಗೆ ಕಾಲ ಒಡ್ಡುವ ಪರೀಕ್ಷೆ ಎಂದರೆ ನಾನು ಅರ್ಧ ನೆಲ ಬಿಟ್ಟುಕೊಡಬೇಕು. ಪೂರ್ತಿ ಬಿಟ್ಟುಕೊಡುವುದಿಲ್ಲ. ಚೌಡಯ್ಯನವರ ಏಳು ತಂತಿಯ ಪಿಟೀಲು ಅವರ ನಂತರ ಹೆಚ್ಚು ನಡೆಯಲಿಲ್ಲ. ಮೈಕು ಬಂತು, ನಾಲ್ಕು ತಂತಿಯೇ ಸಾಕಾಯಿತು. ಆ ಕಾರಣಕ್ಕೆ ಚೌಡಯ್ಯನವರ ಎತ್ತರ ಒಂದು ಗೇಣೂ ಇಳಿದಿಲ್ಲ.

ಈಗ ಗಿಟಾರಿನವರ ಕಡೆಗೆ. ರಘು ದೀಕ್ಷಿತ್ ಬೆಳೆದದ್ದು ಮೈಸೂರಿನಲ್ಲೇ. 2008ರಲ್ಲಿ ಬಂದ ಮೊದಲ ಆಲ್ಬಮ್ಮಿನಿಂದ ಶಿಶುನಾಳ ಷರೀಫರ ಪದ ಕನ್ನಡವೇ ತಿಳಿಯದ ಊರುಗಳಲ್ಲೂ ಕೇಳಿಸಿತು. ಇದನ್ನು ನಾನು ದೊಡ್ಡ ಕೆಲಸವೆಂದೇ ಎಣಿಸುತ್ತೇನೆ. ಯುವ ದಸರಾದಲ್ಲಿ ಕುಣಿಯುವ ಹುಡುಗರನ್ನು ನೋಡಿ ಮೂಗು ಮುರಿಯುವವರ ಜೊತೆ ನಾನಿಲ್ಲ. ಆದರೆ ಕೇಳಬೇಕಾದ್ದು ಬೇರೆ: ಅಲ್ಲಿ ಜನರನ್ನು ಎಬ್ಬಿಸಿ ನಿಲ್ಲಿಸುವುದು ಷರೀಫರ ಮಾತು, ಆ ಕಂಠ, ಆ ಹುಮ್ಮಸ್ಸು. ಗಿಟಾರನ್ನು ತೆಗೆದರೂ ಹಾಡು ನಿಲ್ಲುತ್ತದೆ. ಹಾಗಾದರೆ ಗಿಟಾರಿಗನಾಗಿ ಅವರನ್ನು ಚೌಡಯ್ಯನವರ ಪಕ್ಕ ಕೂರಿಸುವುದು ಹೇಗೆ?

ಹೀಗೆ ಕೇಳಿದ ಕೂಡಲೇ ಇನ್ನೊಂದು ತೊಡಕು. ಚೌಡಯ್ಯನವರು ಬದುಕಿನ ಬಹುಭಾಗ ಪಕ್ಕವಾದ್ಯ ನುಡಿಸಿದವರು. ಚೆಂಬೈ ವೈದ್ಯನಾಥ ಭಾಗವತರ ಹಾಡಿಕೆಯಿಂದ ಪಿಟೀಲನ್ನು ತೆಗೆದರೂ ಹಾಡಿಕೆ ನಿಲ್ಲುತ್ತದೆ. ತೆಗೆದರೆ ನಿಲ್ಲಬಾರದು ಎಂಬುದೇ ನನ್ನ ಅಳತೆಗೋಲಾದರೆ ಅದು ಚೌಡಯ್ಯನವರನ್ನೇ ಸಾಲಿನಿಂದ ಎಬ್ಬಿಸುತ್ತದೆ. ಆ ಅಳತೆಗೋಲನ್ನು ಬಿಡಬೇಕು. ವಾದ್ಯ ಇದ್ದಾಗ ಹಾಡಿಗೆ ಏನು ಹೆಚ್ಚಾಯಿತು, ಆ ಹೆಚ್ಚಾದದ್ದು ಬೇರೆ ಯಾರಿಂದಲೂ ಬರದಂಥದ್ದೇ ಎಂದು ಕೇಳಬೇಕು. ಇದಕ್ಕೆ ಉತ್ತರ ಹೇಳುವುದು ಕಷ್ಟ, ಆದರೆ ಕೇಳಿಸಿಕೊಂಡೇ ಹೇಳಬಹುದು.

ನನ್ನ ಅಕ್ಕನ ಮಗ ಗಿಟಾರ್ ನುಡಿಸುತ್ತಾನೆ. ಕಳೆದ ಬೇಸಿಗೆಯ ಒಂದು ಸಂಜೆ ನಮ್ಮ ಮನೆಯ ಜಗುಲಿಯಲ್ಲಿ ಕೂತು, ದಪ್ಪ ತಂತಿಯ ಬಿರಡೆಯನ್ನು ಸಡಿಲಿಸಿ ಶ್ರುತಿ ಇಳಿಸಿದ. ಹೆಬ್ಬೆರಳಿನಿಂದ ಅದೊಂದನ್ನೇ ಬಿಡದೆ ಮೀಟುತ್ತ, ಉಳಿದ ಬೆರಳುಗಳಿಂದ ಮೇಲಿನ ತಂತಿಗಳಲ್ಲಿ ನೀಲಗಾರರ ಒಂದು ಮಟ್ಟನ್ನು ತೆಗೆದ. ಗಮಕ ಬರಬೇಕಾದ ಕಡೆ ತಂತಿಯನ್ನು ಮೆಟ್ಟಿಲಿನ ಮೇಲೇ ಅಡ್ಡಕ್ಕೆ ತಳ್ಳಿದ. ಗಿಟಾರಿನ ಮೆಟ್ಟಿಲು ವೀಣೆಯದರಷ್ಟು ಎತ್ತರವಿಲ್ಲ, ತಂತಿ ಬೇಗ ಹಠ ಹಿಡಿಯುತ್ತದೆ. ಅವನ ಬೆರಳತುದಿ ಬೆಳ್ಳಗಾಗಿತ್ತು. ಪಕ್ಕದ ಬೀದಿಯ ಹಿರಿಯರೊಬ್ಬರು, ಹರೆಯದಲ್ಲಿ ನೀಲಗಾರರ ಮೇಳದಲ್ಲಿ ಹಿಮ್ಮೇಳಕ್ಕೆ ದನಿಗೂಡಿಸಿದವರು, ಕಂಬಕ್ಕೆ ಒರಗಿ ಕೇಳಿದರು. ಮುಗಿದ ಮೇಲೆ ಅಂದರು: “ತಂಬೂರಿ ಸದ್ದು ಬಂತು ಕಣಪ್ಪ. ಆದ್ರೆ ಪದ ಉಸಿರು ತಗಳೋ ಜಾಗದಲ್ಲಿ ನಿನ್ ಬೆರಳು ನಿಲ್ನಿಲ್ಲ.”

ಹ್ಯೂಮ್ ಒಂದು ಕಥೆಯನ್ನು ತರುತ್ತಾನೆ. ಸ್ಪೇನಿನ ಹಳೆಯ ಕಾದಂಬರಿಯ ಪಾತ್ರ ಸಾಂಚೋ ಪಾಂಜಾನ ಬಂಧುಗಳಿಬ್ಬರು ಒಂದು ಪೀಪಾಯಿ ದ್ರಾಕ್ಷಾರಸ ರುಚಿ ನೋಡುತ್ತಾರೆ. ಚೆನ್ನಾಗಿದೆ, ಆದರೆ ತೊಗಲಿನ ವಾಸನೆ ಎನ್ನುತ್ತಾನೆ ಒಬ್ಬ. ಕಬ್ಬಿಣದ ರುಚಿ ಎನ್ನುತ್ತಾನೆ ಇನ್ನೊಬ್ಬ. ಜನ ನಗುತ್ತಾರೆ. ಪೀಪಾಯಿ ಬರಿದಾದ ಮೇಲೆ ತಳದಲ್ಲಿ ತೊಗಲಿನ ದಾರ ಕಟ್ಟಿದ ಹಳೆಯ ಬೀಗದಕೈ ಸಿಗುತ್ತದೆ. ನಮ್ಮ ಜಗುಲಿಯ ಹಿರಿಯರು ಅಂಥ ತೀರ್ಪುಗಾರರು. ಅವರಿಗೆ ಗಿಟಾರಿನ ಗಂಧ ಗಾಳಿ ಇಲ್ಲ, ಆದರೆ ಪದ ಎಲ್ಲಿ ಉಸಿರಾಡುತ್ತದೆ ಎಂದು ಗೊತ್ತು. ಅಂದೇ, ಅಲ್ಲೇ ಹೇಳಿದರು. ಹ್ಯೂಮ್‌ನ ಎರಡು ಕಾಲುಗಳಲ್ಲಿ ಒಂದನ್ನು ನಾನು ಪೂರ್ತಿ ಒಪ್ಪುತ್ತೇನೆ: ಪಳಗಿದ ಕಿವಿ ಬೇಕು.

ಕಷ್ಟ ಶುರುವಾಗುವುದು ಇಲ್ಲಿಂದ. ಆ ಹಿರಿಯರಿಗೆ ಪದ ಗೊತ್ತು. ತಂತಿಯನ್ನು ಅಡ್ಡಕ್ಕೆ ತಳ್ಳಿದಾಗ ಹುಡುಗ ಎಷ್ಟು ದೊಡ್ಡ ಸಮಸ್ಯೆಯನ್ನು ಬಿಡಿಸಿದ ಎಂಬುದು ಗೊತ್ತಿಲ್ಲ. ಹುಡುಗನ ಗೆಳೆಯರಿಗೆ ಆ ಸಮಸ್ಯೆ ಗೊತ್ತು. ಪದದ ಉಸಿರು ಗೊತ್ತಿಲ್ಲ. ಎಂಟನೇ ಕ್ರಾಸಿನವರಿಗೆ ರಾಗದ ಕಿವಿ ಇದೆ. ಶ್ರೀನಿವಾಸ್ ನುಡಿಸಿದ್ದು ಅದೇ ರಾಗಗಳನ್ನು, ಆದ್ದರಿಂದ ಅವರನ್ನು ಗುರುತಿಸುವ ಕಿವಿಗಳು ಆಗಲೇ ಸಿದ್ಧವಾಗಿದ್ದವು. ಹೆಂಡ್ರಿಕ್ಸ್‌ನ ಮುಂದೆ ಬ್ಲೂಸ್ ಕೇಳಿ ಬೆಳೆದವರಿದ್ದರು. ಷರೀಫರ ಪದ, ನೀಲಗಾರರ ಮಟ್ಟು, ಗಿಟಾರಿನ ಆರು ತಂತಿ, ಈ ಮೂರನ್ನೂ ಒಟ್ಟಿಗೆ ಅರಗಿಸಿಕೊಂಡು ಒಬ್ಬ ಗಿಟಾರಿಗನನ್ನು ಇನ್ನೊಬ್ಬನೊಡನೆ ಹೋಲಿಸಬಲ್ಲ ಕಿವಿಗಳು ನಮ್ಮಲ್ಲಿ ಎಷ್ಟಿವೆ? ತುಂಬಾ ಕಡಿಮೆ. ಅಂಥವರು ತಯಾರಾಗಬೇಕಾದರೆ ವರ್ಷಗಳು ಬೇಕು.

ಹಾಗಾದರೆ ಈಗಲೇ ಹೇಳಲಾಗದು ಎಂಬ ಮಾತಿಗೇ ಬೇರೆ ದಾರಿಯಿಂದ ಬಂದು ನಿಂತೆನೇ? ಭಾಗಶಃ ಹೌದು. ವ್ಯತ್ಯಾಸ ಒಂದಿದೆ, ಅದನ್ನು ಬಿಟ್ಟುಕೊಡಲಾರೆ: ಕೇಳದೆ ಕಾಯುತ್ತ ಕೂತರೆ ಅಂಥ ಕಿವಿ ಐವತ್ತು ವರ್ಷದ ಮೇಲೂ ಹುಟ್ಟುವುದಿಲ್ಲ. ಇವತ್ತು ತಪ್ಪೋ ಸರಿಯೋ ತೀರ್ಪು ಕೊಟ್ಟು, ಅದನ್ನು ಇನ್ನೊಬ್ಬರು ಹಳಿದು, ಹೀಗೇ ಅದು ಬೆಳೆಯಬೇಕು. ಆದ್ದರಿಂದ ನನ್ನದನ್ನು ಹೇಳುತ್ತೇನೆ. ರಘು ದೀಕ್ಷಿತ್ ನಮ್ಮ ಕಾಲದ ದೊಡ್ಡ ಹಾಡುಗಾರರಲ್ಲಿ ಒಬ್ಬರು. ಗಿಟಾರಿಗನಾಗಿ ಅವರನ್ನು ಆ ಸಾಲಿನಲ್ಲಿ ನಾನು ಕೂರಿಸುವುದಿಲ್ಲ. ಇದಕ್ಕಿಂತ ಹೆಚ್ಚು ನನ್ನನ್ನು ಕಾಡುವುದು ಮೈಸೂರಿನ ಸೋದರರಾದ ರಾಜನ್–ನಾಗೇಂದ್ರರ ಹಾಡುಗಳು. ‘ಎರಡು ಕನಸು’, ‘ನಾ ನಿನ್ನ ಬಿಡಲಾರೆ’ ಚಿತ್ರಗಳ ಕಾಲದ ಅವರ ಹಾಡುಗಳಲ್ಲಿ ಎರಡು ಚರಣಗಳ ನಡುವೆ ಗಿಟಾರ್ ಕೆಲವೇ ಕ್ಷಣ ಬಂದು ಹೋಗುತ್ತದೆ. ಆ ಕ್ಷಣಗಳಿಲ್ಲದೆ ಆ ಹಾಡನ್ನು ನನಗೆ ನೆನೆಸಿಕೊಳ್ಳಲು ಆಗುವುದಿಲ್ಲ. ಕ್ಯಾಸೆಟ್ಟಿನ ಹೊದಿಕೆಯ ಮೇಲೆ ಗಾಯಕರ ಹೆಸರು, ಕವಿಯ ಹೆಸರು, ಸಂಗೀತ ನಿರ್ದೇಶಕರ ಹೆಸರು ಇರುತ್ತಿತ್ತು. ಗಿಟಾರ್ ನುಡಿಸಿದವರದು ಇರುತ್ತಿರಲಿಲ್ಲ. ನುಡಿಸಾಣಿಕೆ ಉಳಿದಿದೆ, ಹೆಸರಿಲ್ಲ. ಶೇಷಣ್ಣನವರ ವಿಷಯದಲ್ಲಿ ಆದದ್ದಕ್ಕೆ ಇದು ತಿರುವುಮುರುವು. ಒಬ್ಬನೇ ಆಳೋ, ನಾಲ್ಕು ಜನವೋ ತಿಳಿಯದ ಆ ಬೆರಳುಗಳನ್ನು ಚೌಡಯ್ಯನವರ ಪಕ್ಕ ಕೂರಿಸಬೇಕು ಎಂದು ನನ್ನ ಕಿವಿ ಹೇಳುತ್ತದೆ. ಹೆಸರಿಲ್ಲದೆ ಸಾಲಿನಲ್ಲಿ ಕೂರಿಸುವುದು ಹೇಗೆ, ಹೆಸರು ಸಿಕ್ಕದಿದ್ದರೆ ಸಾಲೆಂಬುದೇ ಬೇಕೇ ಎಂಬಲ್ಲಿಗೆ ಈಗ ಬಂದಿದ್ದೇನೆ.